ಖಾರದ ಧೂಳಿಗೆ ಯಾವ ಮಾಸ್ಕ್?

ಬ್ಯಾಡಗಿಯ ಖಾರದ ಪುಡಿ ಘಟಕವೊಂದರಲ್ಲಿ ನಾನು ಮೇಲ್ವಿಚಾರಕ. ಮಾಸ್ಕ್, ಕೈಗವಸು, ಕನ್ನಡಕ ತರಿಸುವ ಹೊಣೆಯೂ ನನ್ನದೇ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ನಿಜ. ಆದರೆ ಯಂತ್ರದ ಬಾಯಿಗೆ ಚೀಲ ಸುರಿಯುವವರ ಮುಂದೆ ಈ ಮಾತು ಆಡಬೇಡಿ. ಗುಂಟೂರು ಕಾಯಿ ಬೆರೆಸುವ ದಿನವಂತೂ ಗೇಟಿನಲ್ಲೇ ಸೀನು ಶುರುವಾಗುತ್ತದೆ.

ಇಲ್ಲಿ ಹಿಂದಿನಿಂದಲೂ ಬಂದ ರಕ್ಷಣೆ ಎಂದರೆ ಗಂಡಸರಿಗೆ ಟವೆಲ್, ಹೆಂಗಸರಿಗೆ ಸೆರಗು. ಬಟ್ಟೆ ದಪ್ಪ ಕಣವನ್ನು ತಡೆದೀತು, ನುಣ್ಣನೆಯ ಧೂಳನ್ನಲ್ಲ. ಅದಕ್ಕಿಂತ ಭಯದ ಸಂಗತಿ, ಜೋತುಬಿದ್ದ ಅದರ ತುದಿ ಯಂತ್ರದ ಬೆಲ್ಟಿಗೆ ಸಿಕ್ಕಿಕೊಳ್ಳುವುದು. ಚಾಲೂ ಇರುವ ಯಂತ್ರಕ್ಕೆ ಎಣ್ಣೆ ಬಿಡುವವರು ಬಿಗಿಯಾದ ಉಡುಪು ತೊಡಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯಲ್ಲೇ ಬರೆದಿತ್ತು.

ಕೊರೊನಾ ಕಾಲದ ನೀಲಿ ಮಾಸ್ಕ್ ಅಗ್ಗ, ಹಾಗಾಗಿ ಮಾಲೀಕರಿಗೆ ಇಷ್ಟ. ಅದರ ಯೋಗ್ಯತೆ ನೋಡಬೇಕೆಂದರೆ ಪಾಳಿ ಮುಗಿದಾಗ ಅದನ್ನು ತೆಗೆಸಿ ಮುಖ ನೋಡಿ. ಮೂಗಿನ ಎರಡೂ ಬದಿಗೆ, ಕೆನ್ನೆಯ ಅಂಚಿಗೆ ಕೆಂಪು ಗೆರೆಗಳು ಮೂಡಿರುತ್ತವೆ. ಗಾಳಿ ಯಾವ ಸಂದಿಯಿಂದ ನುಗ್ಗಿತೆಂದು ಪುಡಿಯೇ ಬರೆದು ತೋರಿಸುತ್ತದೆ. ಬೇರೆ ಧೂಳಿನಲ್ಲಿ ಕೆಲಸ ಮಾಡುವವರಿಗೆ ಇಷ್ಟು ಸುಲಭದ ಪರೀಕ್ಷೆ ಸಿಗುವುದಿಲ್ಲ!

ನಾನು ತರಿಸುವುದು ಭಾರತೀಯ ಮಾನಕ ಐಎಸ್ 9473ರ ಗುರುತಿನ ಎಫ್‌ಎಫ್‌ಪಿ2, ಅಂದರೆ ನುಣ್ಣನೆಯ ಧೂಳು ಸೋಸುವ ದರ್ಜೆಯ ಮಾಸ್ಕ್. ಅದರ ಪದರ ಪರೀಕ್ಷೆಯ ಕಣಗಳಲ್ಲಿ ಕನಿಷ್ಠ ಶೇ. 94ರಷ್ಟನ್ನು ತಡೆಯಬೇಕು. ಆದರೆ ಅಂಚು ಮುಖಕ್ಕೆ ಕೂರದಿದ್ದರೆ ಆ 94 ಡಬ್ಬಿಯ ಮೇಲಷ್ಟೇ ಉಳಿಯುತ್ತದೆ. ಗಡ್ಡದ ಮೇಲೆ ಅದು ಕೂರುವುದೇ ಇಲ್ಲ. ಎರಡು ಪಟ್ಟಿಗಳಲ್ಲಿ ಒಂದು ನೆತ್ತಿಯ ಹಿಂದೆ, ಇನ್ನೊಂದು ಕುತ್ತಿಗೆಗೆ ಬರಬೇಕು. ನಮ್ಮ ಹೆಂಗಸರು ಕೆಳಗಿನದನ್ನು ಗಲ್ಲದಡಿ ಇಳಿಬಿಟ್ಟುಕೊಳ್ಳುತ್ತಿದ್ದರು. ಸೋಮಾರಿತನವೇನಲ್ಲ, ತುರುಬಿಗೆ ಸಿಕ್ಕಿ ಕೂದಲು ಕೀಳುತ್ತಿತ್ತು. ಹಿರಿಯರೊಬ್ಬರು ಹೇಳಿದರು: "ತಮ್ಮಾ, ಇದು ಗಂಡಸರ ಮುಖಕ್ಕೆ ಹೊಲಿದದ್ದು. ಮಾತಾಡಿದರೆ ಕಣ್ಣಿಗೇ ಏರುತ್ತದೆ." ಅವರ ಮಾತು ಸರಿ. ಈಗ ಎರಡು ಅಳತೆಯ ಮಾದರಿಗಳನ್ನು ಮೊದಲು ತರಿಸಿ, ಹಾಕಿಸಿ, ಮಾತಾಡಿಸಿ, ಬಗ್ಗಿಸಿ ನೋಡಿದ ಮೇಲೆಯೇ ಪೆಟ್ಟಿಗೆಗಟ್ಟಲೆ ಖರೀದಿ. ಅಂಗಡಿಯವರು ಗೊಣಗುತ್ತಾರೆ, ಗೊಣಗಲಿ.

ತೊಟ್ಟು ಬಿಡಿಸುವವರಿಗೆ ಹತ್ತಿ ಕೈಗವಸು ಬೇಡ. ಧೂಳು, ಬೆವರು ಹೀರಿ ಅದೇ ಉರಿಯ ಪಟ್ಟಿಯಾಗುತ್ತದೆ. ನೈಟ್ರೈಲ್ ಎಂಬ ಕೃತಕ ರಬ್ಬರಿನ ತೆಳು ಕೈಗವಸು ವಾಸಿ. ಬೆಲ್ಟಿನ ಹತ್ತಿರ ಮಾತ್ರ ಯಾವ ಕೈಗವಸೂ ಬೇಡ, ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಉರಿಯುವ ಕೈಗೆ ಬರೀ ನೀರು ಸುರಿದು ಪ್ರಯೋಜನವಿಲ್ಲ, ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ. ಅಡುಗೆ ಎಣ್ಣೆ ತಿಕ್ಕಿ, ಬಳಿಕ ಸಾಬೂನು. ಕೈ ತೊಳೆದ ಮೇಲೆಯೇ ಕನ್ನಡಕ, ಮಾಸ್ಕ್ ತೆಗೆಯಬೇಕು. ಕನ್ನಡಕದ ಗಾಳಿಯಾಡುವ ರಂಧ್ರಗಳೂ ನೇರವಾಗಿರಬಾರದು, ಧೂಳು ಒಳಗೆ ನುಗ್ಗುತ್ತದೆ.

ಇಷ್ಟೆಲ್ಲ ತರಿಸಿದರೂ ಧೂಳು ಹೀರುವ ಯಂತ್ರದ ಚೀಲದಲ್ಲಿ ಪುಡಿ ಕಟ್ಟಿಕೊಂಡ ದಿನ ಯಾವ ಮಾಸ್ಕಿನಿಂದಲೂ ಕೆಮ್ಮು ನಿಲ್ಲುವುದಿಲ್ಲ. ಆದ್ದರಿಂದ ಬೆಳಿಗ್ಗೆ ಮೊದಲು ಆ ಚೀಲ ಝಾಡಿಸುವುದು, ಮಾಸ್ಕ್ ಹಂಚುವುದು ಆಮೇಲೆ. ಊಟದ ಹೊತ್ತಿಗೆ ಮಾಸ್ಕನ್ನು ಗಿರಣಿಯ ಗೋಡೆಯ ಮೊಳೆಗೆ ನೇತುಹಾಕುವಂತಿಲ್ಲ, ಒಳಮೈಗೆ ಪುಡಿ ಕೂರುತ್ತದೆ. ಹೆಸರು ಬರೆದ ಮುಚ್ಚಳದ ಡಬ್ಬಿಗಳನ್ನು ಹೊರಗಿನ ಕಪಾಟಿನಲ್ಲಿ ಇಟ್ಟಿದ್ದೇವೆ.