ಹೋಮ್ಸ್ ನೋಟ್‌ಬುಕ್: ಎಂಟು ಕಥೆ ಮುಗಿದವು, ನಾಲ್ಕು ಬಾಕಿ

ಮೊದಲು ಕಥೆ ಓದಬೇಕು. ಆಮೇಲೆ ಅದೇ ಕಥೆಯನ್ನು ನೋಡಬೇಕು, ಇಲ್ಲವೇ ಕೇಳಬೇಕು. ಅನ್ನಿಸಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಈ ಮಳೆಗಾಲಕ್ಕೆ ನಾನು ಹಾಕಿಕೊಂಡ ಕೆಲಸ ಇಷ್ಟೇ.

ಪುಸ್ತಕ ಆರ್ಥರ್ ಕಾನನ್ ಡಾಯ್ಲ್ ಬರೆದ ಪತ್ತೇದಾರಿ ಕಥೆಗಳ ಸಂಕಲನ, 'ದಿ ಅಡ್ವೆಂಚರ್ಸ್ ಆಫ್ ಷರ್ಲಾಕ್ ಹೋಮ್ಸ್'. ಒಟ್ಟು ಹನ್ನೆರಡು ಕಥೆ. 1891ರ ಜುಲೈಯಿಂದ 1892ರ ಜೂನ್ ತನಕ ಲಂಡನ್ನಿನ 'ಸ್ಟ್ರಾಂಡ್' ಮಾಸಪತ್ರಿಕೆಯಲ್ಲಿ ತಿಂಗಳಿಗೊಂದರಂತೆ ಬಂದವು. 1892ರ ಅಕ್ಟೋಬರಿನಲ್ಲಿ ಪುಸ್ತಕವಾದವು. ನೋಡೋದಕ್ಕೆ ಮುಖ್ಯವಾಗಿ ಇಟ್ಟುಕೊಂಡಿದ್ದು ಇಂಗ್ಲೆಂಡಿನ ಗ್ರಾನಡಾ ಟೆಲಿವಿಷನ್ನಿನ ಸರಣಿ. ಜೆರೆಮಿ ಬ್ರೆಟ್ ಹೋಮ್ಸ್ ಆಗಿದ್ದದ್ದು. 1984ರಿಂದ 1994ರ ತನಕ 41 ಕಂತು ಮಾಡಿದರು. ಆದರೂ ಈ ಹನ್ನೆರಡರಲ್ಲಿ ಎಂಟನ್ನೇ ಮುಟ್ಟಿದರು. ಆ ಎಂಟೂ ನನ್ನ ಮಟ್ಟಿಗೆ ಈಗ ಮುಗಿದವು.

ಶುರುವಿನಲ್ಲಿ ನೋಟ್‌ಬುಕ್ಕಿನಲ್ಲಿ ಸುಮಾರು ಕಾಲಂ ಹಾಕಿದ್ದೆ. ನಟರು, ಬದಲಾವಣೆ, ಲೊಕೇಶನ್, ಹೀಗೆ. ಈಗ ಉಳಿದಿರೋದು ಒಂದೇ ಕಾಲಂ. ಕಾಗದದ ಮೇಲೆ ಡಾಯ್ಲ್ ಬಚ್ಚಿಟ್ಟದ್ದನ್ನು ತೆರೆ ಮೇಲೆ ಎಲ್ಲಿ ಬಚ್ಚಿಟ್ಟರು? ಬರವಣಿಗೆಯಲ್ಲಿ ಬಚ್ಚಿಡೋದು ಸುಲಭ. 'ಒಬ್ಬ ಮುದುಕ ಪಾದ್ರಿ ಬಂದ' ಅಂತ ಬರೆದರೆ ಸಾಕು, ನಮಗೆ ಪಾದ್ರಿಯೇ ಕಾಣುತ್ತಾನೆ. ಕ್ಯಾಮೆರಾಕ್ಕೆ ಆ ಸೌಕರ್ಯ ಇಲ್ಲ. ಅದಕ್ಕೆ ಒಂದು ಮುಖ ತೋರಿಸಲೇಬೇಕು.

ಮೊದಲ ಕಥೆಯಲ್ಲೇ ಈ ಕಷ್ಟ. 'ಎ ಸ್ಕ್ಯಾಂಡಲ್ ಇನ್ ಬೊಹಿಮಿಯಾ'ದಲ್ಲಿ ಹೋಮ್ಸ್ ಒಮ್ಮೆ ಕುದುರೆ ಲಾಯದ ಆಳಾಗುತ್ತಾನೆ, ಇನ್ನೊಮ್ಮೆ ಪಾದ್ರಿಯಾಗುತ್ತಾನೆ. ಬ್ರೆಟ್ ಇದನ್ನು ಗುಟ್ಟು ಮಾಡೋಕೆ ಹೋಗಲ್ಲ. ವೇಷ ಹಾಕಿದ ಖುಷಿಯನ್ನೇ ತೋರಿಸುತ್ತಾನೆ. ಅದೇ ಸರಿ ಅನ್ನಿಸಿತು. ಯಾರೆಂದು ನಮಗೆ ಗೊತ್ತಿದ್ದರೂ ಎದುರಿನವರಿಗೆ ಗೊತ್ತಿಲ್ಲವಲ್ಲ, ಮಜಾ ಇರೋದೇ ಅಲ್ಲಿ. ಕಡೆಗೆ ಹೋಮ್ಸ್ ಬೆನ್ನು ಹತ್ತಿದ್ದ ಗಾಯಕಿ ಐರೀನ್ ಆಡ್ಲರ್ ಗಂಡಸಿನ ಉಡುಪಿನಲ್ಲಿ ಬೀದಿಯಲ್ಲಿ ಹಾದುಹೋಗುತ್ತಾ ಹೋಮ್ಸ್‌ಗೇ ಗುಡ್‌ನೈಟ್ ಹೇಳುತ್ತಾಳೆ. ಓದುವಾಗ ಆ ದನಿ ಯಾರದ್ದು ಅಂತ ಹೋಮ್ಸ್ ಜೊತೆ ನಾವೂ ತಲೆ ಕೆರೆದುಕೊಳ್ಳುತ್ತೇವೆ. ನೋಡುವಾಗ ಅಷ್ಟು ಹೊತ್ತು ಬೇಕಾಗಲ್ಲ.

'ದಿ ಮ್ಯಾನ್ ವಿತ್ ದ ಟ್ವಿಸ್ಟೆಡ್ ಲಿಪ್' ಇನ್ನೂ ಕಷ್ಟದ್ದು. ನೆವಿಲ್ ಸೇಂಟ್ ಕ್ಲೇರ್ ಅನ್ನೋ ಗೌರವಸ್ಥ ಅಫೀಮು ಅಡ್ಡೆಯೊಂದರ ಮೇಲ್ಮಹಡಿಯಲ್ಲಿ ಮಾಯವಾಗುತ್ತಾನೆ. ಅಲ್ಲಿ ಸಿಕ್ಕವನು ಹ್ಯೂ ಬೂನ್ ಅನ್ನೋ ಭಿಕ್ಷುಕ, ಸೊಟ್ಟ ತುಟಿಯವನು. ಸೇಂಟ್ ಕ್ಲೇರ್‌ನನ್ನು ಇವನೇ ಮುಗಿಸಿರಬೇಕು ಅಂತ ಪೊಲೀಸರ ಲೆಕ್ಕ. ನಿಜ ಏನೆಂದರೆ ಇಬ್ಬರೂ ಒಬ್ಬನೇ. ಸೇಂಟ್ ಕ್ಲೇರ್ ಹಿಂದೆ ಪತ್ರಿಕಾ ವರದಿಗಾರ. ಲೇಖನಕ್ಕೋಸ್ಕರ ಒಂದು ದಿನ ಭಿಕ್ಷೆಗೆ ಕೂತ, 26 ಶಿಲಿಂಗು 4 ಪೆನ್ಸ್ ಬಿತ್ತು. ವಾರವಿಡೀ ದುಡಿದರೆ ಅವನಿಗೆ ಸಿಗುತ್ತಿದ್ದದ್ದು ಎರಡು ಪೌಂಡು, ಅಂದರೆ 40 ಶಿಲಿಂಗು. ಆಮೇಲೆ ಪತ್ರಿಕೆ ಕಡೆ ತಲೆ ಹಾಕಲಿಲ್ಲ. ನನಗೆ ತುಂಬ ಹಿಡಿಸಿದ ವಿವರ ಅವನ ಕೋಟಿನದ್ದು. ಅದು ಥೇಮ್ಸ್ ನದಿಯ ಕೆಸರಿನಲ್ಲಿ ಸಿಗುತ್ತೆ. ಜೇಬುಗಳ ತುಂಬ ಚಿಲ್ಲರೆ: 421 ಪೆನ್ನಿ, 270 ಅರ್ಧ ಪೆನ್ನಿ. ಕೋಟು ತೇಲಿ ಹೋಗದೇ ಇರಲಿ ಅಂತ ಆ ದಿನದ ಭಿಕ್ಷೆಯನ್ನೇ ತುಂಬಿ ಎಸೆದಿದ್ದಾನೆ. ಉತ್ತರ ಪೂರ್ತಿ ನಮ್ಮ ಕಣ್ಣೆದುರಿಗೇ ಇದೆ, ನಾವು ನೋಡಲ್ಲ ಅಷ್ಟೇ.

ಗ್ರಾನಡಾದಲ್ಲಿ ಎರಡೂ ಪಾತ್ರ ಮಾಡಿದ್ದು ಕ್ಲೈವ್ ಫ್ರಾನ್ಸಿಸ್. ಮೇಕಪ್ ಚೆನ್ನಾಗಿದೆ. ಆದರೂ ಲಾಕಪ್ಪಿನ ದೃಶ್ಯದಲ್ಲಿ ಹೋಮ್ಸ್ ಒದ್ದೆ ಸ್ಪಂಜಿನಿಂದ ಅವನ ಮುಖ ಉಜ್ಜುವಾಗ ಬಣ್ಣದ ಕೆಳಗಿಂದ ಏನು ಬರುತ್ತೆ ಅನ್ನೋದು ನನಗೆ ಆಗಲೇ ಗೊತ್ತಿತ್ತು. ಕಥೆ ಓದಿದ್ದಕ್ಕೋ, ಮುಖ ನೋಡಿದ್ದಕ್ಕೋ? ಓದದೇ ನೋಡಿದವರನ್ನು ಕೇಳಬೇಕಿತ್ತು. ಅಕ್ಕನ ಮಗಳನ್ನು ಕೂರಿಸಿದೆ. ಭಿಕ್ಷುಕ ಬಂದ ಸ್ವಲ್ಪ ಹೊತ್ತಿಗೇ "ಮಾಮ, ಇವನೇ ಅವನು ಅಲ್ವಾ?" ಅಂದಳು. ಕಾಲಂನಲ್ಲಿ ಅಷ್ಟೇ ಬರೆದಿದ್ದೇನೆ.

ಮತ್ತೆ ಕೆಲವನ್ನು ಬೇಗ ದಾಟುತ್ತೇನೆ. 'ದಿ ರೆಡ್-ಹೆಡೆಡ್ ಲೀಗ್' ಓದೋಕೂ ಚೆನ್ನ, ನೋಡೋಕೂ ಚೆನ್ನ. ಕೆಂಪು ಕೂದಲಿನ ಗಿರವಿ ಅಂಗಡಿಯವನಿಗೆ ವಾರಕ್ಕೆ ನಾಲ್ಕು ಪೌಂಡು ಕೊಟ್ಟು ಎನ್‌ಸೈಕ್ಲೋಪೀಡಿಯಾ ನಕಲು ಮಾಡಿಸುತ್ತಾರೆ. ಅವನು ಅಲ್ಲಿ ಬರೆಯುತ್ತಾ ಕೂತಿರುವಾಗ ಇಲ್ಲಿ ಅವನ ನೆಲಮಾಳಿಗೆಯಿಂದ ಬ್ಯಾಂಕಿಗೆ ಸುರಂಗ ಕೊರೆಯುತ್ತಾರೆ. ಗ್ರಾನಡಾದವರು ಇದರ ಹಿಂದೆ ಹೋಮ್ಸ್‌ನ ಪರಮ ವೈರಿ ಮೊರಿಯಾರ್ಟಿಯನ್ನು ತಂದು ಕೂರಿಸಿದ್ದಾರೆ. ಮೂಲದಲ್ಲಿ ಅವನ ಸುಳಿವೇ ಇಲ್ಲ. ಮುಂದಿನ ಕಂತಿನಲ್ಲಿ ಅವನು ಬೇಕಿತ್ತು, ಇಲ್ಲೇ ಪರಿಚಯ ಮಾಡಿಸಿದರು. 'ದಿ ಬ್ಲೂ ಕಾರ್ಬಂಕಲ್'ನಲ್ಲಿ ಕ್ರಿಸ್‌ಮಸ್ ಬಾತುಕೋಳಿಯ ಹೊಟ್ಟೆಯಲ್ಲಿ ನೀಲಿ ಹರಳು. ಆಹಾ, ಅದೊಂದು ಒಳ್ಳೆ ಸಂಜೆ. 'ಬಾಸ್ಕೋಂಬ್ ವ್ಯಾಲಿ' ಪರವಾಗಿಲ್ಲ. ಹೋಮ್ಸ್ ಅಂದರೆ ನೆನಪಾಗುವ ಆ ಎರಡು ಕಡೆ ಮುಂಚಾಚಿನ ಟೋಪಿ ಡಾಯ್ಲ್ ಕೊಟ್ಟದ್ದಲ್ಲ. ಸ್ಟ್ರಾಂಡ್‌ನಲ್ಲಿ ಈ ಕಥೆಗೆ ಚಿತ್ರ ಬರೆಯುವಾಗ ಸಿಡ್ನಿ ಪ್ಯಾಜೆಟ್ ತೊಡಿಸಿದ್ದು. ಗ್ರಾನಡಾದವರು ಹಲವು ಕಡೆ ಪ್ಯಾಜೆಟ್‌ನ ಚಿತ್ರವನ್ನೇ ಎದುರಿಗಿಟ್ಟುಕೊಂಡು ನಟರನ್ನು ನಿಲ್ಲಿಸಿದ್ದಾರೆ. ಚಿತ್ರಗಳ ಪುಸ್ತಕ ಮಗ್ಗುಲಲ್ಲಿ ಇಟ್ಟುಕೊಂಡು ಕಂತನ್ನು ಅಲ್ಲಲ್ಲಿ ನಿಲ್ಲಿಸಿ ನೋಡಿ, ಕೈಕಾಲು ಇಟ್ಟ ರೀತಿ ಕೂಡ ಅದೇ.

'ದಿ ಕಾಪರ್ ಬೀಚಸ್' ಕಡೆಯ ಕಥೆ. ಇದರ ಎಳೆ ಕೊಟ್ಟದ್ದು ಡಾಯ್ಲ್‌ನ ತಾಯಿ. ಹನ್ನೆರಡನೇ ಕಥೆಯಲ್ಲಿ ಹೋಮ್ಸ್‌ನನ್ನು ಸಾಯಿಸಿಬಿಡ್ತೀನಿ ಅಂತ ಮಗ ಬರೆದ, ತಾಯಿ ಒಪ್ಪಲಿಲ್ಲ. ಬದಲಿಗೆ ಚೆಂದದ ಕೂದಲಿನ ಹುಡುಗಿಯ ಈ ಕಥೆ ಬಂತು. ಕಂತಿನಲ್ಲಿ ನತಾಶಾ ರಿಚರ್ಡ್‌ಸನ್ ಇದ್ದಾರೆ, ನೋಡಿ. 'ದಿ ನೋಬಲ್ ಬ್ಯಾಚುಲರ್'ನಿಂದ ಮಾಡಿದ 1993ರ 'ದಿ ಎಲಿಜಿಬಲ್ ಬ್ಯಾಚುಲರ್' ಮಾತ್ರ ಬೇಡ. ಸಣ್ಣದೊಂದು ತಮಾಷೆ ಕಥೆಯನ್ನು ಎಳೆದು ಎಳೆದು ಎರಡು ಗಂಟೆ ಮಾಡಿ, ಹೋಮ್ಸ್‌ಗೆ ಕೆಟ್ಟ ಕನಸು ಬೀಳಿಸಿ, ಏನೇನೋ ಮಾಡಿದ್ದಾರೆ.

ಜಾಸ್ತಿ ಪುಟ ತಿಂದಿದ್ದು 'ದಿ ಸ್ಪೆಕಲ್ಡ್ ಬ್ಯಾಂಡ್'. ಇಲ್ಲಿ ಬಚ್ಚಿಡಬೇಕಾದದ್ದು ಮನುಷ್ಯನನ್ನಲ್ಲ, ಹಾವನ್ನು.

ಕಲ್ಕತ್ತಾದಲ್ಲಿ ಡಾಕ್ಟರಾಗಿದ್ದ ಗ್ರಿಮ್ಸ್‌ಬಿ ರಾಯ್ಲಟ್ ಅಲ್ಲಿ ತನ್ನ ಬಟ್ಲರನನ್ನು ಹೊಡೆದು ಸಾಯಿಸಿ, ಜೈಲು ಕಂಡು, ಊರಿಗೆ ಮರಳಿದ್ದಾನೆ. ತೋಟದಲ್ಲಿ ಚೀತಾ, ಬಬೂನ್ ಕೋತಿ ಸಾಕಿದ್ದಾನೆ. ಮಲಮಗಳು ಮದುವೆಯಾದರೆ ಅವಳ ಪಾಲಿನ ಹಣ ಕೊಡಬೇಕು. ಒಬ್ಬಳು ಆಗಲೇ ಸತ್ತಿದ್ದಾಳೆ. ಈಗ ಅವಳ ಅವಳಿ ಸೋದರಿ ಹೆಲೆನ್ ಅದೇ ಕೋಣೆಯಲ್ಲಿ ಮಲಗಬೇಕಾಗಿದೆ. ಹೋಮ್ಸ್ ಆ ಕೋಣೆ ನೋಡುವ ಭಾಗವನ್ನು ನಿಧಾನವಾಗಿ ಓದಿ. ಕರೆಗಂಟೆಯ ಹಗ್ಗ ಇದೆ, ಎಳೆದರೆ ಗಂಟೆ ಹೊಡೆಯಲ್ಲ. ಗಾಳಿಕಿಂಡಿ ಇದೆ, ಅದು ತೆರೆಯೋದು ಹೊರಗಲ್ಲ, ಪಕ್ಕದ ಕೋಣೆಗೆ. ಮಂಚವನ್ನು ನೆಲಕ್ಕೆ ಬಿಗಿದಿದ್ದಾರೆ, ಅಲುಗಾಡಿಸೋಕೆ ಆಗಲ್ಲ. ಡಾಕ್ಟರ ಕೋಣೆಯಲ್ಲಿ ಕಬ್ಬಿಣದ ಪೆಟ್ಟಿಗೆ, ಅದರ ಮೇಲೆ ಸಣ್ಣ ತಟ್ಟೆಯಲ್ಲಿ ಹಾಲು. ಮನೆಯಲ್ಲಿ ಬೆಕ್ಕಿಲ್ಲ.

ಇಂಗ್ಲಿಷ್ ಓದುಗನಿಗೆ ಇದು ಒಗಟು. ನಮಗೆ? ಕಿಂಡಿ, ಹಗ್ಗ, ತಟ್ಟೆಯಲ್ಲಿ ಹಾಲು ಅಂದಾಕ್ಷಣ ಮುಗಿಯಿತು. ನಾಗರ ಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ಊರಿನವರಿಂದ ಡಾಯ್ಲ್ ಇದನ್ನು ಬಚ್ಚಿಡೋದು ಹೇಗೆ? ತಮಾಷೆ ಅಂದರೆ ನಮ್ಮ ನಂಬಿಕೆಯೂ ಅವನ ಕಥೆಯೂ ಒಂದೇ ಕಡೆ ಎಡವುತ್ತವೆ. ಹಾಲು ಹಾವಿನ ಆಹಾರವೇ ಅಲ್ಲ. ಸಿಳ್ಳೆ ಹೊಡೆದರೆ ವಾಪಸ್ ಬರುವಂತೆ ಅದನ್ನು ಪಳಗಿಸೋಕೂ ಆಗಲ್ಲ. ಹೋಮ್ಸ್ ಹೇಳೋ ಪ್ರಕಾರ ಅದು ಭಾರತದ ಅತಿ ವಿಷದ ಹಾವು, 'ಸ್ವಾಂಪ್ ಆ್ಯಡರ್'. ನಾಗರ, ಕಟ್ಟುಹಾವು, ಕೊಳಕುಮಂಡಲ ಎಲ್ಲ ಎಣಿಸಿದರೂ ಆ ಹೆಸರಿನ ಹಾವು ನಮ್ಮಲ್ಲಿಲ್ಲ. ಕಚ್ಚಿದ ಹತ್ತು ಸೆಕೆಂಡಿಗೆ ರಾಯ್ಲಟ್ ಸತ್ತನಂತೆ. ಯಾವ ಹಾವೂ ಅಷ್ಟು ಅವಸರ ಮಾಡಲ್ಲ. ಇಷ್ಟೆಲ್ಲ ಇದ್ದೂ 1927ರಲ್ಲಿ ಡಾಯ್ಲ್ ತನಗೆ ಇಷ್ಟವಾದ ಹೋಮ್ಸ್ ಕಥೆಗಳ ಪಟ್ಟಿ ಮಾಡಿದಾಗ ಇದನ್ನೇ ಮೊದಲು ಇಟ್ಟ. ನಾನೂ ಅಲ್ಲೇ ಇಡ್ತೀನಿ. ಆ ಕೋಣೆ ಅಷ್ಟು ಚೆನ್ನಾಗಿದೆ.

ಗ್ರಾನಡಾ ಕಂತಿನಲ್ಲಿ ಜೆರೆಮಿ ಕೆಂಪ್ ರಾಯ್ಲಟ್. ಬೆಂಕಿಗೂಡಿನ ಸಲಾಕಿಯನ್ನು ಕೈಯಲ್ಲೇ ಬಗ್ಗಿಸಿ ಎಸೆದು ಹೋಗುತ್ತಾನೆ, ಹೋಮ್ಸ್ ಅದನ್ನು ಎತ್ತಿಕೊಂಡು ನೆಟ್ಟಗೆ ಮಾಡುತ್ತಾನೆ. ಪುಸ್ತಕದಲ್ಲಿ ಎರಡು ಸಾಲಿನ ವಿಷಯ, ನೋಡೋಕೆ ಎಷ್ಟು ಚೆಂದ! ಆದರೆ ಹಾವು ಬಂದಾಗ ಏನಾಗುತ್ತೆ ಅಂತ ನಿಮಗೇ ಗೊತ್ತು. ಕತ್ತಲಲ್ಲಿ ಕಾಯುವಷ್ಟು ಹೊತ್ತು ಭಯ ಇರುತ್ತೆ, ಕಂಡ ಮೇಲೆ ಅದು ಸುಮ್ನೆ ಒಂದು ಹಾವು.

ಡಾಯ್ಲ್‌ಗೇ ಈ ಅನುಭವ ಆಗಿತ್ತು. 1910ರಲ್ಲಿ ಲಂಡನ್ನಿನ ಅಡೆಲ್ಫಿ ಥಿಯೇಟರನ್ನು ಬಾಡಿಗೆಗೆ ಹಿಡಿದಿದ್ದ. ಅಲ್ಲಿ ಹಾಕಿದ ಬೇರೆ ನಾಟಕ ಬಿದ್ದುಹೋಯಿತು. ನಷ್ಟ ತುಂಬೋಕೆ ಈ ಕಥೆಯನ್ನೇ ಅವಸರದಲ್ಲಿ ನಾಟಕ ಮಾಡಿದ. ರಂಗದ ಮೇಲೆ ನಿಜವಾದ ಹೆಬ್ಬಾವು ತಂದ, ಅದರ ಬಗ್ಗೆ ಅವನಿಗೆ ಬಲು ಹೆಮ್ಮೆ. ಒಬ್ಬ ವಿಮರ್ಶಕ ಏನು ಬರೆದ ಗೊತ್ತಾ? ಹಾವು ನಕಲಿ ಅಂತ ನೋಡಿದರೇ ಗೊತ್ತಾಗುತ್ತೆ ಅಂತ! ನಿಜವಾದ ಹಾವು ಗಂಟೆ ಹಗ್ಗದಂತೆ ಜೋತುಬೀಳುತ್ತಿತ್ತು, ಇಲ್ಲವೇ ಬಂದ ಕಿಂಡಿಗೇ ವಾಪಸ್ ಹೋಗಲು ನೋಡುತ್ತಿತ್ತು. ಕೊನೆಗೆ ಎಲ್ಲರೂ ಕೃತಕ ಹಾವೇ ವಾಸಿ ಅಂದರು. ಆ ನಾಟಕದಲ್ಲಿ ಡಾಕ್ಟರ ಪಾತ್ರ ಮಾಡಿದ ಲಿನ್ ಹಾರ್ಡಿಂಗ್ 1931ರ ಸಿನಿಮಾದಲ್ಲೂ ಅದೇ ಪಾತ್ರ ಮಾಡಿದ. ಆ ಸಿನಿಮಾ ನೋಡಬೇಕು.

ಇನ್ನು ಬಾಕಿ ನಾಲ್ಕು. 'ಎ ಕೇಸ್ ಆಫ್ ಐಡೆಂಟಿಟಿ', 'ದಿ ಫೈವ್ ಆರೆಂಜ್ ಪಿಪ್ಸ್', 'ದಿ ಇಂಜಿನಿಯರ್ಸ್ ಥಂಬ್', 'ದಿ ಬೆರಿಲ್ ಕೊರೊನೆಟ್'. ಇವಕ್ಕೆ ಬಿಬಿಸಿ ರೇಡಿಯೋ ಇದೆ. ಕ್ಲೈವ್ ಮೆರಿಸನ್ ಹೋಮ್ಸ್, ಮೈಕಲ್ ವಿಲಿಯಮ್ಸ್ ಅವನ ಗೆಳೆಯ ವಾಟ್ಸನ್. 1989ರಿಂದ 1998ರ ತನಕ 56 ಕಥೆ, 4 ಕಾದಂಬರಿ, ಒಂದನ್ನೂ ಬಿಡದೆ ಮಾಡಿದರು.

ಮೊದಲು ಎತ್ತಿಕೊಂಡಿದ್ದು 'ಎ ಕೇಸ್ ಆಫ್ ಐಡೆಂಟಿಟಿ'. ಮಲತಂದೆಯೇ ವೇಷ ಹಾಕಿ ಹಾಸ್ಮರ್ ಏಂಜೆಲ್ ಅನ್ನೋ ಹೆಸರಲ್ಲಿ ಹುಡುಗಿಯ ಹಿಂದೆ ಬೀಳುತ್ತಾನೆ. ಅವಳು ಬೇರೆ ಯಾರನ್ನೂ ಮದುವೆಯಾಗಬಾರದು, ಅವಳ ವರಮಾನ ಮನೆಯಲ್ಲೇ ಉಳಿಯಬೇಕು, ಅಷ್ಟೇ. ಪತ್ರದ ಕೆಳಗಿನ ಸಹಿ ಕೂಡ ಟೈಪ್ ಮಾಡಿದ್ದು, ಕೈಬರಹ ಸಿಗಬಾರದಲ್ಲ. ಟಿವಿಯವರು ಇದನ್ನು ಯಾಕೆ ಬಿಟ್ಟರು ಅಂತ ನನ್ನ ಊಹೆ: ಕಪ್ಪು ಕನ್ನಡಕ, ಗಿರಿಜಾಮೀಸೆ ಹಾಕಿದ ಮಲತಂದೆಯನ್ನು ನಮ್ಮ ಅಕ್ಕನ ಮಗಳು ಒಂದೇ ನಿಮಿಷಕ್ಕೆ ಹಿಡಿಯುತ್ತಾಳೆ. ರೇಡಿಯೋದಲ್ಲಿ ಮುಖ ಇಲ್ಲ. ಕಥೆಯಲ್ಲಿ ಏಂಜೆಲ್‌ಗೆ ಗಂಟಲು ಕೆಟ್ಟಿದೆ, ಪಿಸುಮಾತಿನಲ್ಲೇ ಮಾತಾಡುತ್ತಾನೆ. ಯಾವತ್ತೋ ಬರೆದಿಟ್ಟ ಈ ಉಪಾಯ ರೇಡಿಯೋ ನಾಟಕಕ್ಕೆ ಅಂತಲೇ ಮಾಡಿದ ಹಾಗಿದೆ.

ಮುಂದಿನದು 'ದಿ ಇಂಜಿನಿಯರ್ಸ್ ಥಂಬ್'. ಇದನ್ನು ಬಿಟ್ಟದ್ದು ನನಗೆ ಅರ್ಥವಾಗದ ವಿಷಯ. ಚಾವಣಿಯೇ ಕೆಳಗಿಳಿದು ಮನುಷ್ಯನನ್ನು ಅಪ್ಪಚ್ಚಿ ಮಾಡಬಲ್ಲ ಯಂತ್ರದ ಕೋಣೆ, ಕ್ಯಾಮೆರಾಕ್ಕೆ ಇನ್ನೇನು ಬೇಕು? ವಾಸಿಲಿ ಲಿವಾನೊವ್ ಹೋಮ್ಸ್ ಆದ ಸೋವಿಯತ್ ಸರಣಿಯವರು 1986ರ ಕಂತಿನಲ್ಲಿ ಇದನ್ನು ಸೇರಿಸಿಕೊಂಡಿದ್ದಾರೆ. ಸಬ್‌ಟೈಟಲ್ ಇರುವ ಪ್ರತಿ ಸಿಕ್ಕಿದೆ, ಭಾನುವಾರ ಅದು. ಅಕ್ಕನ ಮಗಳಿಗೆ ಹೇಳಿದ್ದೇನೆ, ರಷ್ಯನ್ ಆದರೂ ಪರವಾಗಿಲ್ಲ, ಬರ್ತೀನಿ ಅಂದಿದ್ದಾಳೆ. ಈ ಸಲ ಕಥೆ ಓದಿಕೊಂಡೇ ಬರ್ತಾಳಂತೆ.