ಉಳಿದ ಒಂಬತ್ತು ಭಾಗ

ತುಂಬಾ ವರ್ಷ ನಾನು ದಶಮಾಂಶವನ್ನು ಬಾಕಿ ತೀರಿಸಿದ ಹಾಗೆ ಕೊಡುತ್ತಿದ್ದೆ. ಸಂಬಳ ಬಂದ ದಿನವೇ ಹತ್ತರಲ್ಲಿ ಒಂದು ಭಾಗ ತೆಗೆದಿಡುತ್ತಿದ್ದೆ, ಭಾನುವಾರ ಕವರಿನಲ್ಲಿ ಹಾಕಿ ಚರ್ಚಿಗೆ ಕೊಡುತ್ತಿದ್ದೆ, ಅಲ್ಲಿಗೆ ದೇವರ ಲೆಕ್ಕ ಮುಗಿಯಿತು. ಉಳಿದ ಒಂಬತ್ತು ಭಾಗ ನನ್ನದು, ಅದನ್ನು ಹೇಗೆ ಖರ್ಚು ಮಾಡಿದರೂ ಯಾರೂ ಕೇಳುವಂತಿಲ್ಲ ಅಂದುಕೊಂಡಿದ್ದೆ.

ಬೈಬಲಿನಲ್ಲಿ ಲೂಕ 12ನೇ ಅಧ್ಯಾಯ ಓದುತ್ತಿದ್ದಾಗ ಈ ಲೆಕ್ಕ ಅಲುಗಾಡಿತು. ಅಲ್ಲಿ ಯೇಸು ಹೇಳಿದ ಐಶ್ವರ್ಯವಂತನ ಸಾಮ್ಯ, ಅಂದರೆ ನೀತಿ ಹೇಳುವ ಕಥೆ, ನಿಮಗೂ ಗೊತ್ತಿರುತ್ತದೆ. ಹೊಲ ಚೆನ್ನಾಗಿ ಬೆಳೆಯಿತು, ಇಡಲು ಜಾಗ ಸಾಲಲಿಲ್ಲ, ಹಳೆಯ ಕಣಜ ಕೆಡವಿ ದೊಡ್ಡದು ಕಟ್ಟುತ್ತೇನೆ ಅಂದುಕೊಂಡ, ಆದರೆ ಈ ರಾತ್ರಿಯೇ ನಿನ್ನ ಪ್ರಾಣ ಹೋಗುತ್ತದೆ ಅಂತ ದೇವರು ಹೇಳಿದರು. ಅವನು ಕಳ್ಳ ಅಂತಾಗಲಿ, ಯಾರಿಗೋ ಮೋಸ ಮಾಡಿದ ಅಂತಾಗಲಿ ಯೇಸು ಸ್ವಾಮಿ ಹೇಳಿಲ್ಲ. ಆದರೆ ಅವನ ಮಾತನ್ನು ನಿಧಾನವಾಗಿ ಓದಿ ನೋಡಿ: ನನ್ನ ಬೆಳೆ, ನನ್ನ ಕಣಜ, ನನ್ನ ದವಸ, ನನ್ನ ಸರಕು, ಕೊನೆಗೆ ನನ್ನ ಜೀವ. ಬೇರೆ ಒಬ್ಬ ಮನುಷ್ಯನೂ ಅದರಲ್ಲಿ ಬರುವುದಿಲ್ಲ. ನನ್ನ ಒಂಬತ್ತು ಭಾಗವೂ ಹಾಗೇ ಇತ್ತು.

ಕೂಡಿಡುವುದೇ ತಪ್ಪಾ? ಅಲ್ಲ. ಆದಿಕಾಂಡ 41ರಲ್ಲಿ ಐಗುಪ್ತ ದೇಶದ ಅಧಿಕಾರಿಯಾಗಿದ್ದ ಯೋಸೇಫನೂ ಕಣಜ ತುಂಬಿಸಿದ, 7 ವರ್ಷ, ಬೆಳೆಯಲ್ಲಿ ಐದರಲ್ಲಿ ಒಂದು ಪಾಲು. ಬರಗಾಲ ಬಂದಾಗ ಆ ಕಣಜ ತೆರೆಯಿತು, ಒಂದು ದೇಶದ ಜನ ಬದುಕಿದರು, ಹೊರಗಿನಿಂದ ಬಂದವರೂ ಬದುಕಿದರು. ಕೂಡಿಟ್ಟಿದ್ದು ಯಾರಿಗಾಗಿ ಅನ್ನುವುದನ್ನೇ ನಾವು ಕೇಳಿಕೊಳ್ಳಬೇಕು. 4ನೇ ಶತಮಾನದಲ್ಲಿ ಕೈಸರೈಯದ ಬಿಷಪ್ ಬಾಸಿಲ್ ಆ ಐಶ್ವರ್ಯವಂತನ ಸಾಮ್ಯದ ಮೇಲೆಯೇ ಪ್ರಸಂಗ ಮಾಡುತ್ತಾ, ನೀನು ಹಿಡಿದಿಟ್ಟುಕೊಂಡ ರೊಟ್ಟಿ ಹಸಿದವನದು, ಪೆಟ್ಟಿಗೆಯಲ್ಲಿಟ್ಟ ಬಟ್ಟೆ ಬಟ್ಟೆಯಿಲ್ಲದವನದು ಅಂದರು. ಅದನ್ನು ಓದಿದ ದಿನ ನಾನು ಬೀರು ತೆರೆದು ಸುಮ್ನೆ ನಿಂತಿದ್ದೆ.

ಹಣವೇ ಕೆಟ್ಟದ್ದು ಅಂತ ಕೆಲವರು ಹೇಳುತ್ತಾರೆ, ಅದನ್ನು ನಾನು ಒಪ್ಪುವುದಿಲ್ಲ. ಯೇಸುವಿನ ಅಪೊಸ್ತಲನಾದ ಪೌಲನು ಕೆಟ್ಟತನಕ್ಕೆ ಮೂಲ ಅಂದಿದ್ದು ಹಣದಾಸೆಯನ್ನು. ಯೇಸು ಮತ್ತು ಶಿಷ್ಯರು ಊರೂರು ತಿರುಗುವಾಗ ಯೋಹಾನಳು, ಸುಸನ್ನಳು ಮುಂತಾದ ಹೆಂಗಸರು ತಮ್ಮ ಆಸ್ತಿಯಿಂದಲೇ ಅವರನ್ನು ನೋಡಿಕೊಂಡರು. ಆದರೆ ಇನ್ನೊಂದು ಬೋಧನೆ ನನಗೆ ಇದಕ್ಕಿಂತ ಜಾಸ್ತಿ ನೋವು ಕೊಡುತ್ತದೆ: ಇಷ್ಟು ಕೊಡಿ, ದೇವರು ನೂರರಷ್ಟು ವಾಪಸ್ ಕೊಡುತ್ತಾರೆ ಅನ್ನುವುದು. ಕಷ್ಟದಲ್ಲಿರುವವರು ಇದನ್ನು ನಂಬಿ ಇದ್ದದ್ದನ್ನೂ ಕೊಟ್ಟು, ಏನೂ ಬರದಿದ್ದಾಗ ನನ್ನ ನಂಬಿಕೆ ಸಾಲಲಿಲ್ಲವೇನೋ ಅಂತ ಕೊರಗುತ್ತಾರೆ. ಬಡ ವಿಧವೆಯೊಬ್ಬಳು ದೇವಾಲಯದ ಕಾಣಿಕೆ ಪೆಟ್ಟಿಗೆಗೆ ತನ್ನಲ್ಲಿದ್ದ ಎರಡು ಕಾಸು ಹಾಕಿದಾಗ ಯೇಸು ಅವಳಿಗೆ ಲಾಭದ ಮಾತೇ ಆಡಲಿಲ್ಲ, ಅಲ್ವಾ?

ತಲಾಂತು ಅಂದರೆ ಈಗ ನಾವು ಹಾಡುವುದು, ಚೆನ್ನಾಗಿ ಮಾತಾಡುವುದು ಅಂದುಕೊಳ್ಳುತ್ತೇವೆ. ಮತ್ತಾಯ 25ರ ಸಾಮ್ಯದಲ್ಲಿ ಅದು ನಿಜವಾಗಿ ಹಣ, ಯಜಮಾನನೊಬ್ಬ ದೂರ ಹೋಗುವಾಗ ತನ್ನ ಆಳುಗಳ ಕೈಗೆ ಒಪ್ಪಿಸಿದ್ದು; ಒಂದು ತಲಾಂತು ಅಂದರೆ ಕೂಲಿಯವನ ಸುಮಾರು 20 ವರ್ಷದ ದುಡಿಮೆ. ಅಂದರೆ ಒಂದೇ ತಲಾಂತು ಸಿಕ್ಕಿದವನಿಗೂ ಸಿಕ್ಕಿದ್ದು ಕಡಿಮೆಯೇನಲ್ಲ, ಆದರೂ ಅದು ಅವನದಲ್ಲ, ಯಜಮಾನನದು. ಯಜಮಾನ ಬಂದು ಲೆಕ್ಕ ಕೇಳಿದ್ದು ಪೂರ್ತಿ ಹಣಕ್ಕೆ, ಹತ್ತನೇ ಭಾಗಕ್ಕಲ್ಲ.

ಲೆಕ್ಕದ ಮಾತು ನಮ್ಮ ಸಭೆಗಳಿಗೂ, ಅಂದರೆ ಚರ್ಚುಗಳಿಗೂ ಸೇರಿದ್ದು. ಪೌಲನು ಕಾಣಿಕೆ ಹಣವನ್ನು ಯೆರೂಸಲೇಮಿಗೆ ಕಳಿಸುವಾಗ ಯಾರೂ ತಪ್ಪು ಹೊರಿಸಬಾರದೆಂದು ಜೊತೆಗೆ ಬೇರೆ ಸಹೋದರರನ್ನೂ ಇಟ್ಟುಕೊಂಡ. ಕರ್ತನ ಮುಂದೆ ಮಾತ್ರ ಅಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅಂದ. ಪೌಲನೇ ಲೆಕ್ಕ ತೋರಿಸಲು ಸಿದ್ಧನಿದ್ದ ಮೇಲೆ ನಾವು ಲೆಕ್ಕ ಕೇಳಿದರೆ ಸಭೆ ನಡೆಸುವವರಿಗೆ ಬೇಜಾರಾಗಬಾರದು.

ಎಷ್ಟು ಕೊಡಬೇಕು ಅಂತ ಕೇಳಿದರೆ ನನ್ನ ಹತ್ತಿರ ಒಂದೇ ಉತ್ತರವಿಲ್ಲ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ತನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡುತ್ತೇನೆ ಅಂದ, ತನ್ನ ಹತ್ತಿರ ಬಂದ ಒಬ್ಬ ಐಶ್ವರ್ಯವಂತ ಯೌವನಸ್ಥನಿಗೆ ಯೇಸು ಎಲ್ಲವನ್ನೂ ಕೊಡು ಅಂದರು.

ಈಗ ತಿಂಗಳ ಕೊನೆಗೆ ನಾನೂ ನನ್ನ ಹೆಂಡತಿಯೂ ಕೂತು ಹತ್ತೂ ಭಾಗದ ಲೆಕ್ಕ ನೋಡುತ್ತೇವೆ. ಸ್ನೇಹಿತರೊಬ್ಬರಿಗೆ ಕೊಟ್ಟ ಹಣ ಎರಡು ವರ್ಷದಿಂದ ಬರಬೇಕಾದ ಬಾಕಿ ಅಂತ ಪುಸ್ತಕದಲ್ಲಿ ಹಾಗೇ ಉಳಿದಿತ್ತು. ಕಳೆದ ತಿಂಗಳು ಅದನ್ನು ಮತ್ತೆ ಬರೆಯಲು ಹೋದಾಗ ಅವಳು ಪೆನ್ನು ಹಿಡಿದುಕೊಂಡು, "ಅವರ ಪರಿಸ್ಥಿತಿ ಗೊತ್ತಲ್ವಾ? ಇದನ್ನ ಬಾಕಿ ಕಡೆ ಬರೀಬೇಡಿ, ಕೊಟ್ಟಿದ್ದರ ಕಡೆ ಬರೀರಿ" ಅಂದಳು. ಸ್ವಲ್ಪ ಹೊತ್ತು ಯೋಚಿಸಿ ಹಾಗೇ ಬರೆದೆ.