55ರಿಂದ 550ಕ್ಕ ಹಾರಿದ್ದು

ಮೊದ್ಲೇ ಹೇಳಿಬಿಡ್ತೀನಿ, ಇದು ನಾ ಆನ್‌ಲೈನ್ ಪೋಕರ್ (ಪಣ ಕಟ್ಟಿ ಆಡೋ ಇಸ್ಪೀಟ್ ಆಟ) ಆಡ್ತಿದ್ದ 2023ರ ಮಾತು. 2025ರ ಆಗಸ್ಟ್‌ದಾಗ ಕೇಂದ್ರದ ಕಾಯ್ದೆ ಬಂದು ರೊಕ್ಕ ಕಟ್ಟಿ ಆಡೋ ಆನ್‌ಲೈನ್ ಆಟ ಎಲ್ಲಾ ಬಂದ್ ಆಗ್ಯಾವ, ಇದನ್ನ ಓದಿ ಸೈಟ್ ಹುಡುಕ್ಲಾಕ ಹೋಗ್ಬ್ಯಾಡ್ರಿ. ಮೊನ್ನಿ ಹಳೇ ನೋಟ್‌ಬುಕ್ ಕೈಗೆ ಸಿಕ್ತು, ಅದಕ್ಕ ಬರೀಲಕತ್ತೀನಿ.

ಆಗ ನಾ 55 ರೂಪಾಯಿ ಕಟ್ಟೋ ಪೋಕರ್ ಟೂರ್ನಮೆಂಟ್ ಆಡ್ತಿದ್ದೆ, 50 ಪ್ರೈಜಿಗೆ 5 ಸೈಟಿಗೆ. ಅಕೌಂಟ್‌ದಾಗ 6,000 ಇತ್ತು. ಮೇ ತಿಂಗಳು, ಕಲಬುರಗಿ ಬಿಸಲು ಗೊತ್ತೇ ಅದಲ್ರಿ, ರಾತ್ರಿ 12ಕ್ಕೂ ಫ್ಯಾನ್ ಬಿಸಿ ಗಾಳಿನೇ ಬೀಸ್ತದ, ನಡುವ ಕರೆಂಟ್ ಹೋಗಿ ಮೊಬೈಲ್ ಡೇಟಾ ಮ್ಯಾಲೇ ಆಡಿ 430 ಮಂದ್ಯಾಗ ಫಸ್ಟ್ ಬಂದೆ. 4,300 ಬಂತು. ಮರುದಿನಾನೇ 550ಕ್ಕ ಹಾರಿದೆ, ನಡುವಿಂದು 110 ಇಲ್ಲ 220 ಇಲ್ಲ. ಅಲ್ಲಿ ಬ್ಲೈಂಡ್ (ಎಲಿ ನೋಡೋ ಮೊದ್ಲೇ ಇಬ್ಬರು ಕಟ್ಟಲೇಬೇಕಾದ ಪಣ) ಕದೀಲಾಕ ಕೈ ಹಾಕಿದ್ರ ಸಾಕು ತಿರುಗಿ ರೀರೇಜ್ ಬರ್ತಿತ್ತು, ಅಂದ್ರ ನನ್ನ ಪಣದ ಮ್ಯಾಲ ಇನ್ನೂ ದೊಡ್ಡ ಪಣ. 22 ಟೂರ್ನಮೆಂಟ್, ಎರಡರಾಗ 900-900 ಬಂತು, ಮೂರೇ ವಾರದಾಗ ಅಕೌಂಟ್ ಸೊನ್ನಿ.

ಆಳಂದ ಕಡೆ ನಮ್ಮ ಕಾಕಾ ತೊಗರಿ ಬೆಳೀತಾರ. ಅವರ ಮುಂದ ಪೋಕರ್ ಅನ್ಲಾಕ ಆಗ್ತದೇನ್ರಿ, ಬಿಸ್ನೆಸ್‌ದಾಗ ಲುಕ್ಸಾನ ಆಯ್ತು ಅಂದೆ. "ಒಂದ ವರ್ಷ ರೇಟ್ ಬಂತಂತ ಮರುವರ್ಷ ಹತ್ತೆಕ್ರೆ ಲಾವಣಿ ಹಿಡದ್ರ, ನೆಟಿ ರೋಗ ನಿನ್ನ ಕೇಳಿ ಬರ್ತದೇನೋ ತಮ್ಮಾ?" ಅಂದ್ರು.

ಆ ರಾತ್ರಿ ಕುಂತು ಲೆಕ್ಕ ಹಾಕ್ದೆ. 10,300 ಅಂದ್ರ 55ರಾಗ 187 ಆಟ, 550ರಾಗ ಬರೇ 18. ನೂರು ಮಂದ್ಯಾಗ ಸುಮಾರು 15 ಮಂದಿಗೆ ಪ್ರೈಜ್, ಅದ್ರಾಗೂ ಖರೇ ರೊಕ್ಕ ಇರೋದು ಮ್ಯಾಲಿನ ಮೂರ್ನಾಲ್ಕು ಜಾಗದಾಗ, ಹಂಗಾಗಿ ಚಲೋ ಆಡೋನೂ ಐವತ್ತರವತ್ತು ಆಟ ದೊಡ್ಡ ಗೆಲುವು ಇಲ್ದೇ ಹೋಗ್ತಾನ, ನಾ 18 ಆಟದ ರೊಕ್ಕ ಹಿಡ್ಕೊಂಡು ಶೂರ ಆಗ್ಲಾಕ ಹೋಗಿದ್ದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದು ಲೆಕ್ಕ. ಆ 4,300 ಗೆದ್ದ ಒಂದು ಆಟ ಬಿಟ್ಟು ಹಿಂದಿನ 310 ಆಟ ಕೂಡಿಸಿದ್ರ 240 ರೂಪಾಯಿ ಲುಕ್ಸಾನ! ಆ 6,000 ನಾ ಗೆದ್ದದ್ದೇ ಅಲ್ಲ, ಸಂಬಳದಾಗಿಂದ ಹಾಕಿದ್ದು.

ಮುಂದ ಮತ್ತ 55ರಿಂದ್ಲೇ ಶುರು. ಕಮ್ಮಿ ಅಂದ್ರೂ ಸಾವಿರ ಆಟ ಬರದಿಡೋದು, ದೊಡ್ಡ ಗೆಲುವು ಒಂದು ತಗದು ಹಾಕಿದ್ರೂ ಲಾಭ ಉಳೀತದೇನು ನೋಡೋದು, ಉಳಿದ್ರ ಮತ್ತ ಅಕೌಂಟ್‌ದಾಗ 110ರ ನೂರು ಆಟದ ರೊಕ್ಕ ಇದ್ರ ಐದು ಆಟಕ್ಕ ಒಂದು 110 ಆಡೋದು. ಹತ್ತು ಆಟದ ರೊಕ್ಕ ಹೋದ್ರ ಇಳಿಯೋದು. ಇಳಿಯೋದೇ ಭಾಳ ತ್ರಾಸ್ ನೋಡ್ರಿ, ಚಾದಂಗಡ್ಯಾಗ ದೋಸ್ತರು "ಏನಪಾ ಸಾಹುಕಾರ, ಮತ್ತ 55 ಏನು?" ಅಂತಿದ್ರು. ನೋಟ್‌ಬುಕ್‌ದಾಗ ಎರಡ ಸಲ "110, ಇಳದೆ" ಅಂತ ಬರದೀನಿ. ಮೂರನೇ ಸಲ ಹತ್ತಿದ ಮ್ಯಾಲ ಇಳಿಯೋ ಪಾಳಿ ಬರ್ಲಿಲ್ಲ, ಅದ್ರೊಳಗ ಕಾಯ್ದೆ ಬಂತು.

ಕಾಕಾ ಇನ್ನೂ ಕೇಳ್ತಿರ್ತಾರ, ನಿಂದು ಆ ಬಿಸ್ನೆಸ್ ಏನಾಯ್ತೋ ಅಂತ. ಸರ್ಕಾರ ಬಂದ್ ಮಾಡ್ತು ಕಾಕಾ ಅಂದೀನಿ, ಅದೇನ್ ಸುಳ್ಳಲ್ಲಲ್ರಿ.